ಪ್ರೆಷರ್ ವಾಷರ್ ಹೋಸನ್ನು ಮನೆಯಲ್ಲಿ ಪರೀಕ್ಷಿಸುವ ಬಗೆ

ಪ್ರಶ್ನೆ: ನನ್ನ ಬಳಿ ವಿದ್ಯುತ್ತಿನಿಂದ ನಡೆಯುವ, 130 ಬಾರ್ ಒತ್ತಡದ, ನಿಮಿಷಕ್ಕೆ ಸುಮಾರು 7 ಲೀಟರ್ ನೀರು ಹಾಯಿಸುವ ಪ್ರೆಷರ್ ವಾಷರ್ ಇದೆ. ಅದರ ಜೊತೆಗೆ ಬಂದಿದ್ದ 6 ಮೀಟರಿನ ಗಡಸು ಹೋಸು ಒಂದು ಕಡೆ ಮಡಚಿಕೊಂಡಿದ್ದು, ಅಲ್ಲಿ ಅದರ ಮೈ ಉಬ್ಬಿದೆ. ಬದಲಿಗೆ 15 ಮೀಟರಿನ ಮೆತ್ತಗಿನ ಹೋಸೊಂದನ್ನು ಕೊಂಡಿದ್ದೇನೆ. ಅದರ ಮೇಲೆ 280 ಬಾರ್ ಎಂದು ಅಚ್ಚಾಗಿದೆ. ಅದು ಅಷ್ಟು ಒತ್ತಡವನ್ನು ನಿಜವಾಗಿ ತಡೆಯುತ್ತದೆಯೇ ಎಂದು ಮನೆಯಲ್ಲೇ ಪರೀಕ್ಷಿಸುವುದು ಹೇಗೆ? ಏರ್ ಕಂಪ್ರೆಸರ್‌ನಿಂದ ಗಾಳಿ ತುಂಬಿ ನೋಡಬಹುದೇ? ಉದ್ದ ಹೆಚ್ಚಾದ್ದರಿಂದ ಒತ್ತಡ ಕುಸಿಯುತ್ತದೆಯೇ? ಹಳೆಯ ಹೋಸನ್ನು ಸರಿಪಡಿಸಿ ಬಳಸಬಹುದೇ?

ಉತ್ತರ: ಗಾಳಿಯ ವಿಷಯವನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಉಳಿದುದನ್ನು ಓದಿ ಮುಗಿಸುವ ಮುನ್ನವೇ ನೀವು ಕಂಪ್ರೆಸರ್ ಚಾಲೂ ಮಾಡಿಬಿಡಬಾರದು. ಹೋಸಿಗೆ ಗಾಳಿ ತುಂಬಿ ಪರೀಕ್ಷಿಸಬೇಡಿ. ನೀರು ಒತ್ತಡಕ್ಕೆ ಕುಗ್ಗುವುದು ಬಹಳ ಕಡಿಮೆ. 200 ಬಾರ್ ಒತ್ತಡದಲ್ಲೂ ಅದರ ಗಾತ್ರ ಶೇಕಡಾ ಒಂದರಷ್ಟು ಕೂಡ ಕಡಿಮೆಯಾಗುವುದಿಲ್ಲ. ಆದ್ದರಿಂದ ನೀರು ತುಂಬಿದ ಹೋಸು ಒಡೆದರೆ ಒಂದಿಷ್ಟು ನೀರು ಚಿಮ್ಮಿದೊಡನೆ ಒತ್ತಡ ಇಳಿದುಹೋಗುತ್ತದೆ. ಗಾಳಿ ಹಾಗಲ್ಲ, ಅದೇ ಒತ್ತಡದಲ್ಲಿ ಅದೇ ಹೋಸಿನೊಳಗೆ ಅದುಮಿಟ್ಟ ಗಾಳಿಯಲ್ಲಿ, ನೀರಿನಲ್ಲಿ ಅಡಗಿರುವುದಕ್ಕಿಂತ ನೂರಾರು ಪಟ್ಟು ಹೆಚ್ಚು ಶಕ್ತಿ ಅಡಗಿರುತ್ತದೆ, ಮತ್ತು ಅದು ಒಂದೇ ಕ್ಷಣದಲ್ಲಿ ಹೊರಬರುತ್ತದೆ. ಮನೆಬಳಕೆಯ ಕಂಪ್ರೆಸರ್ ಎಂಟು ಹತ್ತು ಬಾರ್ ಮಾತ್ರ ಕೊಡುತ್ತದಲ್ಲ ಎಂದು ನಿಮಗೆ ಅನ್ನಿಸಬಹುದು. ಅಷ್ಟು ಒತ್ತಡ ನಿಮ್ಮ ಹೋಸಿನ ಬಲದ ಬಗ್ಗೆ ಏನನ್ನೂ ಹೇಳುವುದಿಲ್ಲ, ಆದರೆ ಸಡಿಲವಾದ ಕಪ್ಲಿಂಗ್ ಒಂದನ್ನು ಕಣ್ಣಿಗೆ ಎಸೆಯಲು ಅದು ಧಾರಾಳವಾಗಿ ಸಾಕು. ಕಾರ್ಖಾನೆಗಳೂ ಹೋಸಿನ ಒತ್ತಡ ಪರೀಕ್ಷೆಯನ್ನು ನೀರಿನಲ್ಲೇ ಮಾಡುತ್ತವೆ. ಐಎಸ್ಓ 1402 ಎಂಬ ಅಂತರರಾಷ್ಟ್ರೀಯ ಮಾನದಂಡ ವಿವರಿಸುವುದೂ ದ್ರವ ತುಂಬಿ ಮಾಡುವ ಇಂಥ ಪರೀಕ್ಷೆಯನ್ನೇ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಹೋಸು ಎಷ್ಟು ಬಾರ್‌ಗೆ ಒಡೆಯುತ್ತದೆ ಎಂಬುದನ್ನು ಅದನ್ನು ಒಡೆಯದೆ ತಿಳಿಯಲಾಗದು, ಮತ್ತು ಅದನ್ನು ಒಡೆಯುವಷ್ಟು ಒತ್ತಡ ನಿಮ್ಮ ಯಂತ್ರದಿಂದ ಬರಲಾರದು. ಹಾಗಾಗಿ ಬಲದ ಅಳತೆಯನ್ನು ತಯಾರಕರಿಗೆ ಬಿಟ್ಟು, ನಾವು ಅಳೆಯಬಹುದಾದ ಇನ್ನೊಂದನ್ನು ಹಿಡಿದುಕೊಳ್ಳೋಣ. ಅದೇ ಬದಲಾವಣೆ. ಹೋಸು ಸಾಮಾನ್ಯವಾಗಿ ಏಕಾಏಕಿ ಸಾಯುವುದಿಲ್ಲ; ಮೊದಲು ಉದ್ದ, ದಪ್ಪ, ತುದಿಯ ಹಿಡಿತ, ಮೈಯ ಬಣ್ಣ ಇವುಗಳಲ್ಲಿ ಯಾವುದಾದರೂ ಒಂದು ಬದಲಾಗುತ್ತದೆ. ಹೋಸು ಹೊಸದಾಗಿರುವಾಗ ಇವನ್ನೆಲ್ಲ ಅಳೆದು ಬರೆದಿಟ್ಟುಕೊಂಡವನಿಗೆ ಆ ಬದಲಾವಣೆ ಕಾಣುತ್ತದೆ, ಬರೆದಿಡದವನಿಗೆ ಕಾಣುವುದಿಲ್ಲ. ನಿಮ್ಮ ಹೋಸು ಇನ್ನೂ ಹೊಸದಾಗಿರುವಾಗಲೇ ನೀವು ಕೇಳಿರುವುದು ಆ ದೃಷ್ಟಿಯಿಂದ ಬಹಳ ಒಳ್ಳೆಯದಾಯಿತು.

ಅಳತೆಗೆ ಇಳಿಯುವ ಮುನ್ನ ಹೋಸಿನ ಮೈಮೇಲಿನ ಅಚ್ಚನ್ನು ಪೂರ್ತಿಯಾಗಿ ಓದಿ. 280 ಬಾರ್ ಎಂದರೆ ಸರಿಸುಮಾರು 4000 ಪಿಎಸ್ಐ. ಒಂದು ಬಾರ್‌ಗೆ 14.5 ಪಿಎಸ್ಐ ಎಂಬ ಲೆಕ್ಕದಲ್ಲಿ ಎರಡೂ ಒಂದೇ ಮಾತು. ಆ ಸಂಖ್ಯೆ ಕೆಲಸದ ಒತ್ತಡವೋ ಒಡೆಯುವ ಒತ್ತಡವೋ ಎಂಬುದು ಮುಖ್ಯ. ವರ್ಕಿಂಗ್ ಪ್ರೆಷರ್ ಎಂದೋ, ಡಬ್ಲ್ಯುಪಿ ಎಂಬ ಎರಡಕ್ಷರವೋ ಅದರ ಪಕ್ಕದಲ್ಲಿದ್ದರೆ ನಿಶ್ಚಿಂತೆ. ಬರಿಯ ಸಂಖ್ಯೆ ಮಾತ್ರ ಇದ್ದರೆ ಮಾರಿದವರಿಂದ ಲಿಖಿತ ವಿವರ ಕೇಳಿ ಪಡೆಯಿರಿ, ಏಕೆಂದರೆ ಹೈಡ್ರಾಲಿಕ್ ಹೋಸುಗಳಲ್ಲಿ ರೂಢಿಯಲ್ಲಿರುವ ನಿಯಮದಂತೆ ಒಡೆಯುವ ಒತ್ತಡವು ಕೆಲಸದ ಒತ್ತಡದ ನಾಲ್ಕು ಪಟ್ಟಾದರೂ ಇರಬೇಕು. ಉದಾಹರಣೆಗೆ, ಯುರೋಪಿನ ಇಎನ್ 853 ಮಾನದಂಡದ 1ಎಸ್ಎನ್ ಎಂಬ ಒಂದು ಪದರ ಉಕ್ಕಿನ ತಂತಿ ಹೆಣಿಗೆಯ, 6 ಮಿಲಿಮೀಟರ್ ಒಳವ್ಯಾಸದ ಹೋಸಿಗೆ ಕೆಲಸದ ಒತ್ತಡ 225 ಬಾರ್, ಒಡೆಯುವ ಕನಿಷ್ಠ ಒತ್ತಡ 900 ಬಾರ್. ನಿಮ್ಮ 280 ಬಾರ್ ಒಡೆಯುವ ಒತ್ತಡವೇ ಆಗಿದ್ದರೆ, ಅದೇ ನಾಲ್ಕು ಪಟ್ಟಿನ ಲೆಕ್ಕದಲ್ಲಿ ಆ ಹೋಸು ತಕ್ಕುದಾಗುವುದು 70 ಬಾರ್‌ಗೆ ಮಾತ್ರ, ಮತ್ತು ನಿಮ್ಮ 130 ಬಾರ್ ಯಂತ್ರಕ್ಕೆ ಅದನ್ನು ಜೋಡಿಸಲೇಬಾರದು. ಅಚ್ಚಿನಲ್ಲಿ ತಯಾರಾದ ವರ್ಷ ಮತ್ತು ತ್ರೈಮಾಸಿಕ, ಒಳವ್ಯಾಸ, ಗರಿಷ್ಠ ಉಷ್ಣತೆ ಇವೂ ಇರಬೇಕು. ತಣ್ಣೀರಿನ ಹೋಸುಗಳನ್ನು ಸಾಮಾನ್ಯವಾಗಿ 60 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ಬಳಸಬಹುದು. ಇವು ಯಾವುವೂ ಇಲ್ಲದೆ ಒತ್ತಡದ ಸಂಖ್ಯೆಯನ್ನಷ್ಟೇ ದೊಡ್ಡದಾಗಿ ಅಚ್ಚು ಹಾಕಿರುವ ಹೋಸನ್ನು ನಾನಂತೂ ಯಂತ್ರಕ್ಕೆ ಜೋಡಿಸುವುದಿಲ್ಲ.

ಕೆಲಸದ ಒತ್ತಡ 130 ಆಗಿರುವಾಗ 280ರ ಹೋಸು ಏಕೆ ಬೇಕು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನೀವು ಟ್ರಿಗರ್ ಬಿಟ್ಟ ಕ್ಷಣದಲ್ಲಿ ಹೋಸಿನೊಳಗೆ ಓಡುತ್ತಿದ್ದ ನೀರು ಥಟ್ಟನೆ ನಿಲ್ಲುತ್ತದೆ, ಮತ್ತು ಆ ಓಟದ ಬಲವೆಲ್ಲ ಒತ್ತಡದ ಅಲೆಯಾಗಿ ಹಿಂದಕ್ಕೆ ಹೊಡೆಯುತ್ತದೆ. 6 ಮಿಲಿಮೀಟರ್ ಒಳವ್ಯಾಸದಲ್ಲಿ ನಿಮಿಷಕ್ಕೆ 7 ಲೀಟರ್ ಎಂದರೆ ನೀರಿನ ವೇಗ ಸೆಕೆಂಡಿಗೆ 4 ಮೀಟರಿಗಿಂತ ತುಸು ಹೆಚ್ಚು. ಒತ್ತಡದ ಅಲೆ ಹೋಸಿನಲ್ಲಿ ಸೆಕೆಂಡಿಗೆ 1000 ಮೀಟರ್ ವೇಗದಲ್ಲಿ ಸಾಗುತ್ತದೆ ಎಂದು ಹಿಡಿದರೆ, ಪ್ರತಿ ಸಲ ಟ್ರಿಗರ್ ಬಿಟ್ಟಾಗಲೂ ಸುಮಾರು 40 ಬಾರ್ ಹೆಚ್ಚುವರಿ ಒತ್ತಡ ಏಳುತ್ತದೆ. ಮೆತ್ತಗಿನ ಹೋಸಿನಲ್ಲಿ ಅಲೆ ನಿಧಾನವಾಗಿ ಸಾಗುವುದರಿಂದ ಈ ಹೊಡೆತ ಕಡಿಮೆ, ಗಡಸು ಹೋಸಿನಲ್ಲಿ ಹೆಚ್ಚು. ಗೋಡೆ ತೊಳೆಯುವಾಗ ನೀವು ಎಷ್ಟು ಸಲ ಟ್ರಿಗರ್ ಒತ್ತಿ ಬಿಡುತ್ತೀರಿ ಎಂದು ಒಮ್ಮೆ ಎಣಿಸಿ ನೋಡಿ. ಹೋಸನ್ನು ಹಣ್ಣು ಮಾಡುವುದು ಈ ಮರುಮರು ಹೊಡೆತ. ಮೇಲೆ ಹೇಳಿದ 1ಎಸ್ಎನ್ ಹೋಸನ್ನು ಕೆಲಸದ ಒತ್ತಡದ ಶೇಕಡಾ 125ರಷ್ಟರಲ್ಲಿ 1,50,000 ಸಲ ಬಡಿದು ಪರೀಕ್ಷಿಸಬೇಕೆಂಬ ನಿಯಮ ಹುಟ್ಟಿದ್ದು ಇದಕ್ಕಾಗಿಯೇ. ನನ್ನ ದೃಷ್ಟಿಯಲ್ಲಿ ಈ ಬಡಿತದ ಪರೀಕ್ಷೆಯ ಫಲಿತಾಂಶ ಒಡೆಯುವ ಒತ್ತಡಕ್ಕಿಂತ ಬೆಲೆಯುಳ್ಳದ್ದು, ಆದರೆ ಕೊಳ್ಳುವವರು ಅದನ್ನು ಕೇಳುವುದೇ ಅಪರೂಪ.

ಈಗ ಪರೀಕ್ಷೆಗೆ ಬರೋಣ. ಹೋಸನ್ನು ಯಂತ್ರಕ್ಕೆ ಜೋಡಿಸದೆ, ನೆಲದ ಮೇಲೆ ನೇರವಾಗಿ ಬಿಡಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಅದು ಎಷ್ಟರಮಟ್ಟಿಗೆ ಸುರುಳಿಯ ನೆನಪನ್ನು ಬಿಟ್ಟಿದೆ ಎಂಬುದು, ಮುಂದೆ ಅದು ನಿಮ್ಮ ಕೈಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಹೇಳುತ್ತದೆ. ಸುರುಳಿ ಬಿಡದ ಹೋಸೇ ಎಳೆದಾಗ ಮಡಚಿಕೊಳ್ಳುವ ಹೋಸು. ಆಮೇಲೆ ಒಂದು ಬಳೆಯಾಕಾರದ ಸುತ್ತು ಮಾಡಿ, ಎರಡೂ ತುದಿ ಹಿಡಿದು ಮೆಲ್ಲಗೆ ಕಿರಿದಾಗಿಸುತ್ತಾ ಹೋಗಿ. ತಯಾರಕರು ಹೇಳಿದ ಕನಿಷ್ಠ ಬಾಗುವ ತ್ರಿಜ್ಯದಲ್ಲಿ ಸುತ್ತು ದುಂಡಗೇ ಉಳಿಯಬೇಕು. 6 ಮಿಲಿಮೀಟರಿನ ತಂತಿ ಹೆಣಿಗೆಯ ಹೋಸಿಗೆ ಇದು 100 ಮಿಲಿಮೀಟರ್. ಅಲ್ಲಿಗೆ ನಿಲ್ಲಿಸಿ. ಅದು ಎಲ್ಲಿ ಮುರಿದು ಮಡಚುತ್ತದೆ ಎಂದು ನೋಡಲು ಮುಂದುವರಿಸಬೇಡಿ, ಏಕೆಂದರೆ ಉಕ್ಕಿನ ತಂತಿ ಒಮ್ಮೆ ಮಡಚಿತೆಂದರೆ ಆ ಜಾಗ ಮತ್ತೆ ಮೊದಲಿನಂತಾಗುವುದಿಲ್ಲ. ನೂಲಿನ ಹೆಣಿಗೆಯ ಹೋಸು ಈ ವಿಷಯದಲ್ಲಿ ಹೆಚ್ಚು ಸಹಿಷ್ಣು. ನಿಮ್ಮದು ಮೆತ್ತಗಿದೆ, ಹಗುರವಾಗಿದೆ ಎಂದರೆ ಅದರೊಳಗಿರುವುದು ಪಾಲಿಯೆಸ್ಟರ್ ನೂಲಿನ ಹೆಣಿಗೆಯೇ ಇರಬಹುದು. ಅಯಸ್ಕಾಂತ ಹಿಡಿದು ನೋಡಿದರೆ ತಿಳಿದುಬಿಡುತ್ತದೆ.

ನಂತರ ಗುರುತುಗಳು. ಹೋಸಿನ ನಡುಭಾಗದಲ್ಲಿ ಸರಿಯಾಗಿ ಒಂದು ಮೀಟರ್ ಅಂತರದಲ್ಲಿ ಎರಡು ಸಣ್ಣ ಗೆರೆಗಳನ್ನು ಎಳೆಯಿರಿ. ಎರಡೂ ತುದಿಗಳಲ್ಲಿ, ಹೋಸನ್ನು ಅದುಮಿ ಹಿಡಿದಿರುವ ಲೋಹದ ಫೆರುಲಿನ ಅಂಚಿನಿಂದ ಹೋಸಿನ ಮೈಗೆ ದಾಟುವಂತೆ ಬಣ್ಣದ ಒಂದೊಂದು ಗೆರೆ ಹಾಕಿ. ವರ್ನಿಯರ್ ಕ್ಯಾಲಿಪರ್ ಇದ್ದರೆ ಮೂರು ಕಡೆ ಹೊರವ್ಯಾಸ ಅಳೆದು, ಅಳೆದ ಜಾಗದ ಪಕ್ಕದಲ್ಲಿ ಚುಕ್ಕಿಯಿಟ್ಟು, ದಿನಾಂಕದೊಂದಿಗೆ ಬರೆದಿಡಿ. ಈ ಕೆಲಸಕ್ಕೆ ಕಾಲು ಗಂಟೆ ಸಾಕು. ಮುಂದಿನ ವರ್ಷಗಳಲ್ಲಿ ಹೋಸಿನ ಬಗ್ಗೆ ನೀವು ಮಾಡುವ ಎಲ್ಲ ತೀರ್ಮಾನಗಳೂ ಈ ಬರಹದ ಮೇಲೆ ನಿಲ್ಲುತ್ತವೆ.

ಈಗ ಒತ್ತಡ. ಹೋಸಿನ ಉದ್ದಕ್ಕೂ ಕೆಳಗೆ ಒಣ ಕಾಗದ ಹಾಸಿ, ಹೋಸನ್ನು ಅದರ ಮೇಲೆ ಮಲಗಿಸಿ. ಒಂದು ಮೀಟರಿನ ಗುರುತುಗಳ ಪಕ್ಕದಲ್ಲಿ ಅಳತೆಯ ಟೇಪನ್ನೂ ಇರಿಸಿ. ಮೊದಲು ಯಂತ್ರ ಚಾಲೂ ಮಾಡದೆ ನಲ್ಲಿ ತೆರೆದು, ಟ್ರಿಗರ್ ಒತ್ತಿ, ಒಳಗಿನ ಗಾಳಿಯೆಲ್ಲ ಹೋಗಿ ನೀರು ಒಂದೇ ಧಾರೆಯಾಗಿ ಬರುವವರೆಗೆ ಕಾಯಿರಿ. ಕಣ್ಣಿಗೆ ಕನ್ನಡಕ, ಕಾಲಿಗೆ ಗಟ್ಟಿ ಬೂಟು ಇರಲಿ. ಬಳಿಕ ಯಂತ್ರ ಚಾಲೂ ಮಾಡಿ, ಒಂದೆರಡು ನಿಮಿಷ ಸಿಂಪಡಿಸಿ, ಟ್ರಿಗರ್ ಬಿಟ್ಟು ಅದರ ಬೀಗ ಹಾಕಿ ದೂರ ಸರಿಯಿರಿ. ವಿದ್ಯುತ್ ಯಂತ್ರಗಳು ಹೆಚ್ಚಿನಂಶ ಟ್ರಿಗರ್ ಬಿಟ್ಟೊಡನೆ ತಾವಾಗಿ ನಿಲ್ಲುತ್ತವೆ, ಮತ್ತು ಹೋಸಿನೊಳಗೆ ಒತ್ತಡ ಹಾಗೆಯೇ ಸಿಕ್ಕಿಕೊಂಡಿರುತ್ತದೆ. (ಪೆಟ್ರೋಲ್ ಯಂತ್ರಗಳಲ್ಲಿ ಪಂಪ್ ತಿರುಗುತ್ತಲೇ ಇದ್ದು ಒಳಗಿನ ನೀರು ಬಿಸಿಯಾಗುವುದರಿಂದ ಒಂದೆರಡು ನಿಮಿಷಕ್ಕಿಂತ ಹೆಚ್ಚು ಹಾಗೆ ಬಿಡಬಾರದು.) ದೂರದಿಂದಲೇ ಜೂಮ್ ಮಾಡಿ ಟೇಪಿನ ಚಿತ್ರ ತೆಗೆದುಕೊಳ್ಳಿ. ಹತ್ತು ನಿಮಿಷದ ನಂತರ ಯಂತ್ರವನ್ನು ಪೂರ್ತಿ ಆರಿಸಿ, ನಲ್ಲಿ ಮುಚ್ಚಿ, ಟ್ರಿಗರ್ ಒತ್ತಿ ಒತ್ತಡ ಬಿಟ್ಟ ಮೇಲೆ ಹತ್ತಿರ ಹೋಗಿ ಕಾಗದವನ್ನು ಪರೀಕ್ಷಿಸಿ. ಒದ್ದೆಯಾದ ಚುಕ್ಕಿ ಎಲ್ಲಿದೆಯೋ ಅದರ ನೇರಕ್ಕೇ ಸೋರಿಕೆ ಇರುತ್ತದೆ.

ಒತ್ತಡ ಇರುವಾಗ ಹೋಸಿನ ಮೇಲೆ ಕೈಯಾಡಿಸಿ ಸೋರಿಕೆ ಹುಡುಕುವ ಅಭ್ಯಾಸ ಅನೇಕರಿಗಿದೆ. ಇದನ್ನು ನಾನು ಕಳಕಳಿಯಿಂದ ಬೇಡವೆನ್ನುತ್ತೇನೆ. ಸೂಜಿಮೊನೆಯಷ್ಟು ರಂಧ್ರದಿಂದ ಬರುವ ಧಾರೆ ಚರ್ಮವನ್ನು ತೂರಲು 7 ಬಾರ್ ಸಾಕೆಂದು ವೈದ್ಯರು ಹೇಳುತ್ತಾರೆ. ನಿಮ್ಮ ಹೋಸಿನಲ್ಲಿ ಇರುವುದು ಅದರ ಹದಿನೆಂಟು ಪಟ್ಟು. ಗಾಯ ಹೊರಗೆ ಸಣ್ಣ ಚುಚ್ಚಿನಂತೆ ಕಂಡರೂ ಒಳಗೆ ನೀರು ಸ್ನಾಯುಗಳ ನಡುವೆ ಬಹುದೂರ ಹರಡಿರಬಹುದು. ಅಂಥ ಚುಚ್ಚು ಆದರೆ ನೋವಿಲ್ಲದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಿ, ಒತ್ತಡದ ನೀರು ಚರ್ಮದೊಳಗೆ ಹೊಕ್ಕಿದೆ ಎಂದು ಸ್ಪಷ್ಟವಾಗಿ ಹೇಳಬೇಕು.

ಟೇಪಿನ ಚಿತ್ರ ನಿಮಗೆ ಕುತೂಹಲ ಹುಟ್ಟಿಸುವ ಸಂಗತಿಯೊಂದನ್ನು ತೋರಿಸುತ್ತದೆ. ಒತ್ತಡ ಏರಿದಾಗ ಕೆಲವು ಹೋಸುಗಳು ಉದ್ದವಾಗುತ್ತವೆ, ಕೆಲವು ಗಿಡ್ಡವಾಗುತ್ತವೆ. ಹೆಣಿಗೆಯ ಎಳೆಗಳು ಹೋಸಿನ ಉದ್ದಕ್ಕೆ ಸುಮಾರು 54.7 ಡಿಗ್ರಿ ಕೋನದಲ್ಲಿ ಸುತ್ತಿಕೊಂಡಿದ್ದರೆ ಅದು ಉದ್ದವೂ ಆಗುವುದಿಲ್ಲ, ಗಿಡ್ಡವೂ ಆಗುವುದಿಲ್ಲ. ಕೋನ ಅದಕ್ಕಿಂತ ಹೆಚ್ಚಿದ್ದರೆ ಹೋಸು ಉದ್ದವಾಗುತ್ತದೆ, ಕಡಿಮೆಯಿದ್ದರೆ ದಪ್ಪಗಾಗಿ ಗಿಡ್ಡವಾಗುತ್ತದೆ. ತಂತಿ ಹೆಣಿಗೆಯ ಹೈಡ್ರಾಲಿಕ್ ಹೋಸುಗಳಿಗೆ ಇಎನ್ 853 ಒಪ್ಪುವ ಮಿತಿ ಶೇಕಡಾ 2 ಹಿಗ್ಗುವಿಕೆಯಿಂದ ಶೇಕಡಾ 4 ಕುಗ್ಗುವಿಕೆಯವರೆಗೆ, ಅಂದರೆ ನಿಮ್ಮ ಒಂದು ಮೀಟರ್ ಗುರುತಿನಲ್ಲಿ 20 ಮಿಲಿಮೀಟರ್ ಹೆಚ್ಚಿನಿಂದ 40 ಮಿಲಿಮೀಟರ್ ಕಡಿಮೆಯವರೆಗೆ. ನೂಲಿನ ಹೋಸು ಇದನ್ನು ಮೀರಬಹುದು, ಅದರಿಂದಲೇ ಅದು ಕೆಟ್ಟದೆಂದು ತಿಳಿಯಬೇಕಿಲ್ಲ. ಹೊಸದರಲ್ಲಿ ಬಂದ ಸಂಖ್ಯೆ ಮುಂದೆಯೂ ಅಷ್ಟೇ ಬರುತ್ತಿದೆಯೇ ಎಂಬುದನ್ನು ನೋಡಿ. ಆರು ತಿಂಗಳ ನಂತರ ಅದೇ ಯಂತ್ರದಲ್ಲಿ ಅದು ಥಟ್ಟನೆ ಹೆಚ್ಚಾಗಿದ್ದರೆ, ಅಥವಾ ಒತ್ತಡ ಇಳಿಸಿದ ಮೇಲೂ ಹೋಸು ಮೊದಲಿನ ಉದ್ದಕ್ಕೆ ಮರಳದಿದ್ದರೆ, ಒಳಗಿನ ಹೆಣಿಗೆ ಸಡಿಲಗೊಂಡಿದೆ ಎಂದೇ ತಿಳಿಯಬೇಕು. ಫೆರುಲಿನ ಗೆರೆಯ ಎರಡು ತುಂಡುಗಳ ನಡುವೆ ಅರ್ಧ ಮಿಲಿಮೀಟರ್ ಬಿರುಕು ಕಂಡರೂ ಹೋಸನ್ನು ಕೂಡಲೇ ತೆಗೆದಿಡಿ. ತುದಿ ಕಳಚಿಕೊಂಡ ಹೋಸು ಚಾಟಿಯಂತೆ ಬೀಸುತ್ತದೆ.

ಗನ್ನಿನ ಬಳಿ ಒಂದು ಪ್ರೆಷರ್ ಗೇಜ್ ಜೋಡಿಸಿದರೆ ಇನ್ನಷ್ಟು ತಿಳಿಯುತ್ತದೆ, ಆದರೆ ಅದರ ಮಾತನ್ನು ಎಚ್ಚರದಿಂದ ಓದಬೇಕು. ಟ್ರಿಗರ್ ಬಿಟ್ಟ ಮೇಲೆ ಸಿಕ್ಕಿಕೊಂಡ ಒತ್ತಡ ನಿಧಾನವಾಗಿ ಇಳಿಯುತ್ತಿದ್ದರೆ ಹೋಸು ಸೋರುತ್ತಿದೆ ಎಂದು ಆತುರಪಡಬೇಡಿ. ಪಂಪಿನೊಳಗಿನ ಕವಾಟ ಸವೆದು ನೀರು ಹಿಂದಕ್ಕೆ ಹೋಗುತ್ತಿರಬಹುದು. ಕಾಗದ ಒಣಗಿದ್ದು ಗೇಜ್ ಇಳಿಯುತ್ತಿದ್ದರೆ ತಪ್ಪು ಹೋಸಿನದಲ್ಲ.

ಸೋರಿಕೆಯ ವಿಷಯದಲ್ಲಿ ಹೋಸಿನ ಮೇಲೆ ಅನ್ಯಾಯವಾಗಿ ಬರುವ ಇನ್ನೊಂದು ಆರೋಪವಿದೆ, ಮತ್ತು ಅದರಲ್ಲಿ ನಾನೂ ಒಮ್ಮೆ ತಪ್ಪಿದ್ದೇನೆ. ಎಂ22 ಎಂಬ ತಿರುಪಿನ ಕಪ್ಲಿಂಗ್‌ಗಳಲ್ಲಿ ಎರಡು ಬಗೆಗಳಿವೆ. ತಿರುಪು ಎರಡರಲ್ಲೂ ಒಂದೇ, ಆದರೆ ನಡುವಿನ ಕಡ್ಡಿಯ ವ್ಯಾಸ ಒಂದರಲ್ಲಿ 14, ಇನ್ನೊಂದರಲ್ಲಿ 15 ಮಿಲಿಮೀಟರ್. 14ರ ಕಡ್ಡಿಯನ್ನು 15ರ ತೂತಿಗೆ ಹಾಕಿದರೆ ತಿರುಪು ಅಚ್ಚುಕಟ್ಟಾಗಿ ಕೂರುತ್ತದೆ, ಕೈಗೆ ಯಾವ ಸಡಿಲವೂ ತಿಳಿಯುವುದಿಲ್ಲ, ಆದರೆ ಓ-ರಿಂಗ್ ಗೋಡೆಯನ್ನು ಸರಿಯಾಗಿ ಮುಟ್ಟದೆ ಒತ್ತಡ ಬಂದೊಡನೆ ನೀರು ಚಿಮ್ಮುತ್ತದೆ. ಒಂದು ಒಳ್ಳೆಯ ಹೋಸನ್ನು ನಾನು ಈ ಕಾರಣಕ್ಕೆ ಕೆಟ್ಟದೆಂದು ಬರೆದಿಟ್ಟು, ಮೂರು ಓ-ರಿಂಗ್ ಬದಲಿಸಿದ ಬಳಿಕ ಕ್ಯಾಲಿಪರ್ ಹಿಡಿದಾಗಷ್ಟೇ ಸತ್ಯ ತಿಳಿಯಿತು. ತುದಿಯಲ್ಲಿ ಸೋರಿದರೆ ಮೊದಲು ಆ ಕಡ್ಡಿಯನ್ನು ಅಳೆಯಿರಿ, ಸ್ಪ್ಯಾನರ್ ಹಾಕಿ ಬಿಗಿಯಬೇಡಿ. ಈ ಕಪ್ಲಿಂಗ್ ಕೈಬಿಗಿತಕ್ಕೆ ಮಾಡಿದ್ದು; ನೀರನ್ನು ತಡೆಯುವುದು ಓ-ರಿಂಗ್, ತಿರುಪಲ್ಲ.

ಉದ್ದದಿಂದ ಒತ್ತಡ ಕುಸಿಯುವ ಪ್ರಶ್ನೆಗೆ ಲೆಕ್ಕವೇ ಉತ್ತರ. 6 ಮಿಲಿಮೀಟರ್ ಒಳವ್ಯಾಸದಲ್ಲಿ ನಿಮಿಷಕ್ಕೆ 7 ಲೀಟರ್ ಹರಿದಾಗ ಪ್ರತಿ 10 ಮೀಟರಿಗೆ ಸುಮಾರು 3.6 ಬಾರ್ ನಷ್ಟವಾಗುತ್ತದೆ. ನಿಮ್ಮ ಹಳೆಯ 6 ಮೀಟರಿನಲ್ಲಿ ಅದು 2 ಬಾರ್ ಆಸುಪಾಸು, ಹೊಸ 15 ಮೀಟರಿನಲ್ಲಿ 5.5 ಬಾರ್ ಆಸುಪಾಸು. 130ರ ಮುಂದೆ ಈ ವ್ಯತ್ಯಾಸ ನಿಮ್ಮ ಕೈಗೆ ತಿಳಿಯುವಂಥದ್ದಲ್ಲ. ಆದರೆ ಹರಿವು ನಿಮಿಷಕ್ಕೆ 15 ಲೀಟರ್ ಇರುವ ದೊಡ್ಡ ಯಂತ್ರಕ್ಕೆ ಇದೇ ಹೋಸು ಹಾಕಿದರೆ ನಷ್ಟ 20 ಬಾರ್‌ಗೆ ಏರುತ್ತದೆ; ಅಲ್ಲಿ 8 ಮಿಲಿಮೀಟರಿನ ಹೋಸು ಬಳಸಿದರೆ ಅದು ಸುಮಾರು 5 ಬಾರ್‌ಗೆ ಇಳಿಯುತ್ತದೆ. ನಷ್ಟವು ವ್ಯಾಸದ ಹೆಚ್ಚುಕಡಿಮೆ ಐದನೆಯ ಘಾತಕ್ಕೆ ವಿಲೋಮವಾಗಿರುವುದರಿಂದ ಒಂದೊಂದು ಮಿಲಿಮೀಟರ್ ಕೂಡ ಲೆಕ್ಕಕ್ಕೆ ಬರುತ್ತದೆ, ಮತ್ತು ಕಪ್ಲಿಂಗ್ ಒಳಗಿನ ಇಕ್ಕಟ್ಟಾದ ತೂತು ಹಲವು ಮೀಟರ್ ಹೋಸಿನಷ್ಟು ನಷ್ಟ ತರಬಲ್ಲದು.

ಇದನ್ನು ಅಳೆದು ನೋಡುವುದಾದರೆ ಒತ್ತಡಕ್ಕಿಂತ ನೀರಿನ ಪ್ರಮಾಣವನ್ನು ಅಳೆಯಿರಿ. ಈ ಪಂಪುಗಳು ಪ್ರತಿ ಸುತ್ತಿಗೆ ಇಷ್ಟೇ ಎಂದು ನೀರು ತಳ್ಳುವ ಪಿಸ್ಟನ್ ಪಂಪುಗಳು. ಹೋಸಿನಲ್ಲಿ ಅಡ್ಡಿ ಹೆಚ್ಚಿದರೆ ಪಂಪ್ ಹೆಚ್ಚು ಒತ್ತಡ ಕೊಟ್ಟು ಅಷ್ಟೇ ನೀರನ್ನು ದಾಟಿಸುತ್ತದೆ. ಆ ಒತ್ತಡ ಒಳಗಿನ ಅನ್‌ಲೋಡರ್ ಕವಾಟದ ಮಿತಿಯನ್ನು ಮುಟ್ಟಿದಾಗ ಮಾತ್ರ ಒಂದು ಪಾಲು ನೀರು ಪಂಪಿಗೇ ಹಿಂದಿರುಗಿ ನಾಜಲ್‌ಗೆ ಬರುವುದು ಕಡಿಮೆಯಾಗುತ್ತದೆ. ಆದ್ದರಿಂದ ಒಂದೇ ನಾಜಲ್ ಇಟ್ಟುಕೊಂಡು, ಬಾಯಿಗೆ ದಪ್ಪ ಬಟ್ಟೆ ಹೊದಿಸಿದ ಆಳವಾದ ಡ್ರಮ್ಮಿನೊಳಗೆ ಒಂದು ನಿಮಿಷ ಸಿಂಪಡಿಸಿ, ಬಂದ ನೀರನ್ನು ಅಳೆಯಿರಿ. ಇದಕ್ಕೆ ಹಳೆಯ ಹೋಸನ್ನು ಮತ್ತೆ ಜೋಡಿಸಬೇಡಿ. ಯಂತ್ರದ ವಿವರಫಲಕದಲ್ಲಿರುವ ಹರಿವಿನೊಂದಿಗೆ ಹೋಲಿಸಿದರೆ ಸಾಕು. ಅಳತೆ ಅದಕ್ಕೆ ಹತ್ತಿರವಿದ್ದರೆ ಹೋಸಿನ ಉದ್ದ ನಿಮಗೆ ತೊಂದರೆ ಕೊಡುತ್ತಿಲ್ಲ. ಈ ಸಂಖ್ಯೆಯನ್ನೂ ಬರೆದಿಡಿ. ಒಂದು ದಿನ ಅದು ಕಡಿಮೆಯಾಗಿ, ನಾಜಲ್ ಸ್ವಚ್ಛವಾಗಿಯೇ ಇದ್ದರೆ, ಹೋಸಿನ ಒಳಪದರ ಕಳಚಿ ದಾರಿಗೆ ಅಡ್ಡ ಬಂದಿರುವ ಸಾಧ್ಯತೆಯನ್ನೂ ಪರಿಶೀಲಿಸಬೇಕು.

ಮೈಯ ಸವೆತದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪ್ರತಿ ಸಲ ಸುತ್ತಿಡುವಾಗ ಒದ್ದೆ ಬಟ್ಟೆಯೊಂದನ್ನು ಹಿಡಿದು ಹೋಸನ್ನು ಅದರ ನಡುವೆ ಎಳೆದುಕೊಳ್ಳಿ. ಒತ್ತಡ ಇಳಿದ ಹೋಸಿನಲ್ಲಿ ಉಬ್ಬು, ತಗ್ಗು, ಸೀಳು ಎಲ್ಲವೂ ಬೆರಳಿಗೆ ಸಿಗುತ್ತವೆ. ಹೊರಪದರ ಹರಿದು ತಂತಿ ಕಂಡರೆ ಹೋಸಿನ ಆಯುಷ್ಯ ಮುಗಿಯಿತು, ಏಕೆಂದರೆ ಆ ತೆಳುವಾದ ತಂತಿಗೆ ನೀರು ತಗುಲಿದರೆ ತುಕ್ಕು ಹರಡಲು ಹೆಚ್ಚು ದಿನ ಬೇಕಿಲ್ಲ. ನೀರು ಹೆಪ್ಪುಗಟ್ಟುವ ಹವೆಯಲ್ಲಿ ಹೋಸನ್ನು ಬರಿದು ಮಾಡಿಯೇ ಇಡಬೇಕು. ಮಂಜುಗಡ್ಡೆಯಾದ ನೀರು ಶೇಕಡಾ 9ರಷ್ಟು ಹಿಗ್ಗುತ್ತದೆ.

ಕೊನೆಯದಾಗಿ ನಿಮ್ಮ ಹಳೆಯ ಹೋಸು. ಮಡಚಿದ ಜಾಗದಲ್ಲಿ ಮೈ ಉಬ್ಬಿದೆ ಎಂದರೆ ಒಳಪದರ ಸೀಳಿ, ನೀರು ಹೆಣಿಗೆಯನ್ನು ದಾಟಿ ಹೊರಪದರದ ಕೆಳಗೆ ನಿಂತಿದೆ. ಅದನ್ನು ಈಗ ತಡೆದಿರುವುದು ಒತ್ತಡ ತಾಳಲು ಮಾಡಿರದ ಆ ತೆಳು ಹೊರಪದರ ಮಾತ್ರ. ಟೇಪು ಸುತ್ತುವುದು, ಕ್ಲಿಪ್ ಹಾಕಿ ನಡುವೆ ಕೊಳವೆ ಸೇರಿಸುವುದು ಎರಡೂ ಅಪಾಯ. ಅಂಥ ಕ್ಲಿಪ್ಪುಗಳು ತೋಟದ ನೀರಿನ ಪೈಪಿಗೆ ಸರಿ, 130 ಬಾರ್‌ಗೆ ಅಲ್ಲ. ಉಬ್ಬಿನಿಂದ ಒಂದು ಅಡಿ ಆಚೆಗೆ, ಎರಡೂ ಕಡೆ ಹೋಸನ್ನು ಕತ್ತರಿಸಿ, ಕತ್ತರಿಸಿದ ಮುಖದಲ್ಲಿ ತಂತಿಯನ್ನು ನೋಡಿ. ತಂತಿ ಹೊಳೆಯುತ್ತಿದ್ದರೆ, ಉಳಿದ ತುಂಡು ನಿಮಗೆ ಉಪಯೋಗಕ್ಕೆ ಬರುವಷ್ಟು ಉದ್ದವಿದ್ದರೆ, ಹೈಡ್ರಾಲಿಕ್ ಹೋಸು ಮಾಡುವವರಲ್ಲಿ ಯಂತ್ರದಿಂದ ಅದುಮಿದ ಹೊಸ ತುದಿ ಹಾಕಿಸಿ, ಅವರಿಂದಲೇ ನೀರಿನ ಒತ್ತಡ ಪರೀಕ್ಷೆ ಮಾಡಿಸಿ ಬಳಸಬಹುದು. ತಂತಿ ಕಂದುಬಣ್ಣಕ್ಕೆ ತಿರುಗಿದ್ದರೆ ಅಥವಾ ಒಳಗಿರುವುದು ನೂಲಾಗಿದ್ದರೆ ಆ ಪ್ರಯತ್ನ ಬೇಡ. ಬಿಸಾಡುವ ಮುನ್ನ ಅದನ್ನು ಮೊಳದುದ್ದದ ತುಂಡುಗಳಾಗಿ ಕತ್ತರಿಸಿ, ಇಲ್ಲದಿದ್ದರೆ ಅದನ್ನು ಒಳ್ಳೆಯ ಹೋಸೆಂದು ಎತ್ತಿಕೊಂಡು ಹೋಗಿ ಯಾರಾದರೂ ಒಬ್ಬರು ತಮ್ಮ ಯಂತ್ರಕ್ಕೆ ಜೋಡಿಸಿಬಿಡುತ್ತಾರೆ.